ಎಲ್ಲರ ಕಾಡಿನಲ್ಲಿ ಒಂದು ಜಿಂಕೆ

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ಗೆ ದಿನಾ ಸಂಜೆ ಮೂರು ಜಿಂಕೆ ಬರ್ತವೆ. ಪಿಟ್ಸ್‌ಬರ್ಗ್ ನಗರದ ಹೊರವಲಯದಲ್ಲಿ ನಮ್ಮ ಮನೆ. ಪಕ್ಕದ ಮನೆಯವರು ಆಸೆಪಟ್ಟು ನೆಟ್ಟ ಹೂವಿನ ಗಿಡಗಳನ್ನು ಇವು ಬುಡದ ತನಕ ಮೇಯ್ದು, ಆರಾಮಾಗಿ ನನ್ನ ಕಾರಿನ ಮುಂದೆ ನಿಂತು ಮೆಲುಕು ಹಾಕ್ತವೆ. ಹಾರ್ನ್ ಮಾಡಿದರೆ ಒಮ್ಮೆ ತಿರುಗಿ ನೋಡ್ತವೆ, ಅಷ್ಟೇ. ನನ್ನ ಆರು ವರ್ಷದ ಮಗಳು ಅವಕ್ಕೆ ಹೆಸರನ್ನೂ ಇಟ್ಟಿದ್ದಾಳೆ.

ಅದೇ ಜಾತಿಯ ಬಿಳಿಬಾಲದ ಜಿಂಕೆಯನ್ನು ಹುಡುಕಿಕೊಂಡು ಕಳೆದ ನವೆಂಬರ್ ಕೊನೆಯಲ್ಲಿ, ಮನೆಯಿಂದ ಒಂದೂವರೆ ಗಂಟೆ ದೂರದ ಕಾಡಿಗೆ ಹೋದೆ. ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಕತ್ತಲಾಗುವ ತನಕ ಎರಡು ದಿನ ಕೂತೆ. ಕಂಡ ಜಿಂಕೆಗಳು: ಸೊನ್ನೆ. ಕಂಡ ಮನುಷ್ಯರು: ಮೂವತ್ತೊಂದು. ಬೇಜಾರಿಗೆ ಎಣಿಸ್ತಾ ಕೂತಿದ್ದೆ, ಅದಕ್ಕೇ ಲೆಕ್ಕ ನೆನಪಿದೆ.

ಪಾರ್ಕಿಂಗಿನ ಜಿಂಕೆಗೂ ಆ ಕಾಡಿನ ಜಿಂಕೆಗೂ ಕಣ್ಣು, ಕಿವಿ, ಮೂಗು ಎಲ್ಲ ಒಂದೇ. ಆದರೆ ಒಂದಕ್ಕೆ ಮನುಷ್ಯ ಅಂದರೆ ಹೂವಿನ ಗಿಡ ನೆಡುವವನು, ಇನ್ನೊಂದಕ್ಕೆ ಮನುಷ್ಯ ಅಂದರೆ ಸಾವು. ಆ ಎರಡನೆಯ ಜಿಂಕೆಯ ಊರಿಗೆ ನಾನು ಹೋಗಿಬಂದ ಕತೆ ಇದು.

ಅಪ್ಪಯ್ಯನ ಫೋನ್

ನನ್ನ ಊರು ತೀರ್ಥಹಳ್ಳಿ ಕಡೆ. ಮಲೆನಾಡಿನವರಿಗೆ ಶಿಕಾರಿ ಅಂದರೆ ಗೊತ್ತಿಲ್ಲದ ವಿಷಯವೇನಲ್ಲ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಕೇಪಿನ ಕೋವಿ ಇತ್ತು. ಹಳು ನುಗ್ಗಿ ಪ್ರಾಣಿ ಎಬ್ಬಿಸುವವರು ಒಂದು ಕಡೆ, ಅದು ಹಾಯುವ ದಾರಿಯಲ್ಲಿ ಕೋವಿ ಹಿಡಿದು ಬಿಲ್ಲಿಗೆ ಕೂರುವವರು ಇನ್ನೊಂದು ಕಡೆ. ರಾತ್ರಿ ಮರದ ಮೇಲೆ ಮರಸು ಕೂರುತ್ತಿದ್ದದ್ದೂ ಉಂಟು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಇದೆಲ್ಲ ಕತೆಯಾಯಿತು. ಇವತ್ತು ನಮ್ಮೂರಲ್ಲಿ ಜಿಂಕೆ ಹೊಡೆದರೆ ಜೈಲು, ಅದು ಸರಿಯೇ. ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಹೊಡೆಯೋಕೆ ಏನೂ ಉಳಿದಿರಲಿಲ್ಲ ಅನ್ನೋದು ಬೇರೆ ಮಾತು.

ಇಲ್ಲಿ ಆಫೀಸಿನಲ್ಲಿ ನನ್ನ ಟೀಮಿನಲ್ಲೊಬ್ಬ ಇದ್ದಾನೆ. ಹದಿಮೂರು ವರ್ಷದವನಿದ್ದಾಗಿಂದ ಜಿಂಕೆ ಬೇಟೆಗೆ ಹೋಗುವವನು. ಅವನ ಊಟದ ಡಬ್ಬಿಯಲ್ಲಿ ವರ್ಷಪೂರ್ತಿ ಜಿಂಕೆ ಮಾಂಸ. ಅಂಗಡಿಯಿಂದ ಮಾಂಸ ತರೋದೇ ಕಮ್ಮಿ. "ನೀನೂ ಬಾ" ಅಂತ ಮೂರು ವರ್ಷ ಕರೆದ. ಕೊನೆಗೆ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ, ಸುಮಾರು 21 ಡಾಲರ್ ಕೊಟ್ಟು ಲೈಸೆನ್ಸ್ ತಗೊಂಡೆ. ಹೆಣ್ಣು ಜಿಂಕೆಗೆ ಬೇರೆ ಲೈಸೆನ್ಸ್, ಅದಕ್ಕೆ ಇನ್ನೊಂದು ಏಳು ಡಾಲರ್. ಅವನ ಮಾವನ ಹಳೆಯ ಬೋಲ್ಟ್ ಆಕ್ಷನ್ ರೈಫಲ್ ನನ್ನ ಪಾಲಿಗೆ ಬಂತು. ರೇಂಜಿಗೆ ಹೋಗಿ ಎರಡು ತಿಂಗಳು ಗುರಿ ಅಭ್ಯಾಸ ಮಾಡಿದೆ.

ಸುದ್ದಿ ಊರಿಗೆ ಮುಟ್ಟಿತು. ಒಂದು ಭಾನುವಾರ ಅಪ್ಪಯ್ಯ ಫೋನ್ ಮಾಡಿದರು. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನಿನ್ನ ಚಿಕ್ಕಜ್ಜ ಕುಂಟ್ತಿದ್ದದ್ದು ನೆನಪಿದೆಯಾ?"

ನೆನಪಿತ್ತು. ಅಜ್ಜನ ತಮ್ಮ. ಎಡಗಾಲು ಎಳೆದುಕೊಂಡು ನಡೀತಿದ್ದರು. ಅಡಿಕೆ ಮರದಿಂದ ಬಿದ್ದದ್ದು ಅಂತ ನಮಗೆಲ್ಲ ಹೇಳಿದ್ದರು.

"ಮರದಿಂದ ಬಿದ್ದದ್ದಲ್ಲ ಮಾರಾಯ. ನಿಮ್ಮಜ್ಜ ಹೊಡೆದ ಈಡು ಅದು. ಹಳುವಿನಲ್ಲಿ ಏನೋ ಅಲ್ಲಾಡಿತು ಅಂತ ಹೊಡೆದರು. ಹಿಂದೆ ತಮ್ಮ ಇದ್ದ. ಅವತ್ತೇ ಕೋವಿ ಅಟ್ಟಕ್ಕೆ ಹಾಕಿದರು. ಕಾಯ್ದೆ ಬಂದದ್ದು ಆಮೇಲೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೂವತ್ತಾರು ವರ್ಷ ನನಗೆ ಹೇಳದೇ ಇದ್ದ ವಿಷಯ ಅದು. "ಹೋಗಬೇಡ ಅಂತ ಹೇಳಲ್ಲ. ಗೊತ್ತಿರಲಿ ಅಂತ ಹೇಳಿದೆ" ಅಂತ ಫೋನಿಟ್ಟರು.

ಯಾರದು ಈ ಕಾಡು?

ನಾವು ಹೋದದ್ದು ಪೆನ್ಸಿಲ್ವೇನಿಯಾದ ನೈಋತ್ಯಕ್ಕಿರುವ ಲಾರೆಲ್ ಹೈಲ್ಯಾಂಡ್ಸ್ ಬೆಟ್ಟಸಾಲಿಗೆ. ಈ ರಾಜ್ಯದ ಅತಿ ಎತ್ತರದ ಜಾಗ ಮೌಂಟ್ ಡೇವಿಸ್ ಇರೋದೂ ಇಲ್ಲೇ. ಎತ್ತರ 3,213 ಅಡಿ, ನಮ್ಮ ಮುಳ್ಳಯ್ಯನಗಿರಿಯ ಸುಮಾರು ಅರ್ಧ. ಓಕ್, ಮೇಪಲ್, ಹೆಮ್ಲಾಕ್ ಮರಗಳ ಕೆಳಗೆ ಮೌಂಟನ್ ಲಾರೆಲ್ ಅನ್ನೋ ಪೊದೆ. ಜೂನ್‌ನಲ್ಲಿ ಹೂ ಬಿಟ್ಟಾಗ ನೋಡೋಕೆ ಚೆಂದ, ರಾಜ್ಯದ ಹೂವೂ ಅದೇ. ಚಳಿಗಾಲದಲ್ಲಿ ಎಲ್ಲ ಮರ ಬೋಳಾದರೂ ಇದು ಮಾತ್ರ ಹಸಿರಾಗಿ, ನಮ್ಮ ಕಡೆ ಲಂಟಾನ ಹಬ್ಬಿದ ಹಾಗೆ ಎದೆಯೆತ್ತರಕ್ಕೆ ಹಬ್ಬಿರುತ್ತೆ. ಒಳಗೆ ಜಿಂಕೆ ಮಲಗಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣಲ್ಲ.

ಈ ಕಾಡಿನ ಹೆಸರು ಸ್ಟೇಟ್ ಗೇಮ್ ಲ್ಯಾಂಡ್ಸ್. ಇಂಥವು ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚಿವೆ, ಒಟ್ಟು ಸುಮಾರು 15 ಲಕ್ಷ ಎಕರೆ. ಇಡೀ ದಕ್ಷಿಣ ಕನ್ನಡ ಜಿಲ್ಲೆಗಿಂತ ದೊಡ್ಡದು. ಸ್ವಂತ ಜಮೀನಿಲ್ಲದವನೂ ಲೈಸೆನ್ಸ್ ಹಿಡಿದು ಇಲ್ಲಿಗೆ ಬರಬಹುದು.

ಇದರ ಹಿಂದೆ ಒಂದು ಕತೆ ಇದೆ. 1900ರ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಕಾಣೋದೇ ಅಪರೂಪವಾಗಿತ್ತು. ಮರ ಕಡಿದು ಬೆಟ್ಟ ಬೋಳಿಸಿದ್ದರು, ಉಳಿದ ಜಿಂಕೆಯನ್ನು ಮಾರುಕಟ್ಟೆಗಾಗಿ ಹೊಡೆದು ಮುಗಿಸಿದ್ದರು. 1895ರಲ್ಲಿ ಗೇಮ್ ಕಮಿಷನ್ ಶುರುವಾಯಿತು. 1906ರಿಂದ ಬೇರೆ ರಾಜ್ಯಗಳಿಂದ ಜಿಂಕೆ ತಂದು ಬಿಟ್ಟರು. 1907ರಲ್ಲಿ ಹೆಣ್ಣು ಜಿಂಕೆ ಹೊಡೆಯಬಾರದು ಅಂತ ಕಾನೂನು ಮಾಡಿದರು. 1913ರಲ್ಲಿ ಬೇಟೆಗೆ ಲೈಸೆನ್ಸ್ ಬಂತು, ಆ ದುಡ್ಡಿನಲ್ಲಿ 1920ರಿಂದ ಕಾಡು ಕೊಳ್ಳೋಕೆ ಶುರು ಮಾಡಿದರು. 1937ರ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ಗುಂಡುಗಳ ಮೇಲಿನ ತೆರಿಗೆಯ ಹಣವೂ ವನ್ಯಜೀವಿ ಕೆಲಸಕ್ಕೇ ಬರುತ್ತೆ.

ಆಮೇಲೆ ಜಿಂಕೆ ಎಷ್ಟು ಹೆಚ್ಚಾದವು ಅಂದರೆ ಕಾಡಿನ ಸಸಿಗಳನ್ನೆಲ್ಲ ತಿಂದು ಮುಗಿಸತೊಡಗಿದವು. ಈಗ ಅದೇ ಕಮಿಷನ್ ಹೆಣ್ಣು ಜಿಂಕೆಗೂ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತೆ. ಗಂಡಾದರೆ, ನಾವು ಹೋದ ಭಾಗದಲ್ಲಿ, ಕೊಂಬಿನ ಒಂದು ಬದಿಗಾದರೂ ಮೂರು ಕವಲು ಇರಬೇಕು. ಎಳೆಯ ಗಂಡುಗಳು ಉಳೀಲಿ ಅಂತ 2002ರಿಂದ ಈ ನಿಯಮ.

ನಮ್ಮೂರಲ್ಲಿ "ಸರ್ಕಾರಿ ಕಾಡು" ಅಂದರೆ ಅರ್ಥ ಬೇರೆಯಾಗಿತ್ತು. ಯಾರದ್ದೂ ಅಲ್ಲ, ಹಾಗಾಗಿ ಸಿಕ್ಕಿದವರಿಗೆ ಸಿಕ್ಕಿದಷ್ಟು. ಇಲ್ಲಿನವರೂ ಒಂದು ಕಾಲದಲ್ಲಿ ಹಾಗೇ ಇದ್ದರು ಅಂತ ಓದಿದಾಗ ಯಾಕೋ ಸ್ವಲ್ಪ ಸಮಾಧಾನವಾಯಿತು.

ನಾಲ್ಕು ಗಂಟೆಯ ಟ್ರಾಫಿಕ್

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರ ಬರುವ ಶನಿವಾರ ಇಲ್ಲಿ ರೈಫಲ್ ಸೀಸನ್ನಿನ ಮೊದಲ ದಿನ. 2019ಕ್ಕೆ ಮುಂಚೆ ಅದು ಸೋಮವಾರವಿತ್ತು, ಆ ದಿನ ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ರಜೆ ಕೊಡುತ್ತಿದ್ದರು. ಈ ರಾಜ್ಯದಲ್ಲಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಬೇಟೆ ಲೈಸೆನ್ಸ್ ಖರ್ಚಾಗುತ್ತವೆ. ಅವರಲ್ಲಿ ಬಹಳ ಜನ ಅವತ್ತೇ ಕಾಡಿಗೆ ಇಳೀತಾರೆ.

ಬೆಳಗಿನ ಜಾವ ನಾಲ್ಕಕ್ಕೆ ನಾವು ತಲುಪಿದಾಗ ಮಣ್ಣಿನ ಪಾರ್ಕಿಂಗ್ ಜಾಗ ಆಗಲೇ ಅರ್ಧ ತುಂಬಿತ್ತು. ಸಿಲ್ಕ್ ಬೋರ್ಡ್ ನೆನಪಾಯಿತು. ಪಿಕಪ್ ಟ್ರಕ್ಕುಗಳು, ಹಣೆಗೆ ಕಟ್ಟಿಕೊಂಡ ಲೈಟುಗಳು, ಫ್ಲಾಸ್ಕಿನಿಂದ ಬರುವ ಕಾಫಿ ವಾಸನೆ. ಎಲ್ಲರೂ ಪಿಸುಮಾತು. ಎಲ್ಲರ ಮೈಮೇಲೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು ಈ ಬಣ್ಣ ಇರಲೇಬೇಕು, ಸುತ್ತ ಎಲ್ಲಿಂದ ನೋಡಿದರೂ ಕಾಣಬೇಕು. ಜಿಂಕೆಯ ಕಣ್ಣಿಗೆ ಕಿತ್ತಳೆ ನಮಗೆ ಕಾಣುವಂತೆ ಎದ್ದು ಕಾಣಲ್ಲ. ಕಾಣಬೇಕಾದ್ದು ಇನ್ನೊಬ್ಬ ಮನುಷ್ಯನಿಗೆ.

ನನ್ನ ಗೆಳೆಯ ಅಕ್ಟೋಬರಿನಲ್ಲೇ ಬಂದು ಜಾಗ ನೋಡಿಟ್ಟಿದ್ದ. ಓಕ್ ಕಾಯಿ ಉದುರಿದ ಒಂದು ತಪ್ಪಲು, ಪಕ್ಕದಲ್ಲೇ ಲಾರೆಲ್ ಪೊದೆ, ಜಿಂಕೆ ಓಡಾಡಿದ ಸವೆದ ದಾರಿ. ಕತ್ತಲಲ್ಲಿ ಮುಕ್ಕಾಲು ಗಂಟೆ ಹತ್ತಿ ಅಲ್ಲಿಗೆ ಹೋದರೆ, ಮರದ ಬುಡದಲ್ಲಿ ಒಂದು ಲೈಟು ಮಿಣುಕಿತು. ಯಾರೋ ಆಗಲೇ ಕೂತಿದ್ದಾರೆ.

ನನಗೆ ಸಿಟ್ಟು ಬಂತು. ಗೆಳೆಯ ಕೈಯೆತ್ತಿ ಸನ್ನೆ ಮಾಡಿ ಸುಮ್ಮನೆ ಹಿಂತಿರುಗಿದ. "ಅವನು ಮೊದಲು ಬಂದ. ಅಷ್ಟೇ. ಇಲ್ಲಿ ರಿಸರ್ವೇಷನ್ ಇಲ್ಲ" ಅಂದ. ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಕೂರುವ ಏಣಿ ಕಟ್ಟಿಟ್ಟರೆ ಅದಕ್ಕೆ ಗುರುತಿನ ಚೀಟಿ ಬೇಕು, ಉಪ್ಪು–ಜೋಳ ಚೆಲ್ಲಿ ಜಿಂಕೆ ಕರೆಯುವಂತಿಲ್ಲ. ಆದರೆ ಮೊದಲು ಬಂದವನಿಗೆ ಜಾಗ ಬಿಡೋದು ಕಾನೂನಿಗಿಂತ ಹೆಚ್ಚಾಗಿ ಮರ್ಯಾದೆಯ ವಿಷಯ. ಬೆಂಗಳೂರಿನ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದು ಬೆಳೆದವನು ನಾನು. ಅಷ್ಟು ಸಲೀಸಾಗಿ ಜಾಗ ಬಿಟ್ಟು ಬರೋಕೆ ಅವತ್ತು ಅವನಿಂದ ಕಲಿತೆ.

ಜಿಂಕೆ ಓದುವ ಪಾಠ

ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ಏಳಕ್ಕೆ ಹತ್ತು ನಿಮಿಷವಿದ್ದಾಗ ದೂರದ ಬೆಟ್ಟದಿಂದ ಮೊದಲ ಸದ್ದು ಕೇಳಿತು. ಆಮೇಲೆ ದೀಪಾವಳಿ. ಒಂಬತ್ತರ ಹೊತ್ತಿಗೆ ಎಲ್ಲ ನಿಂತುಹೋಯಿತು. ಅಷ್ಟರಲ್ಲಿ ಉಳಿದ ಜಿಂಕೆಗಳೆಲ್ಲ ಪಾಠ ಕಲಿತಾಗಿತ್ತು.

ಜನ ಹೆಚ್ಚು ಬರುವ ಇಂಥ ಕಾಡಿನಲ್ಲಿ ಜಿಂಕೆ ಹೇಗೆ ಬದುಕುತ್ತೆ ಅಂತ ಗೆಳೆಯ ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಾ ವಿವರಿಸಿದ. ಮೊದಲನೆಯದು, ಹಗಲು ಓಡಾಟ ನಿಲ್ಲಿಸುತ್ತೆ. ಮೇಯೋದೆಲ್ಲ ಕತ್ತಲಾದ ಮೇಲೆ. ಎರಡನೆಯದು, ಮಲಗುವ ಜಾಗವನ್ನು ಲೆಕ್ಕ ಹಾಕಿ ಆರಿಸುತ್ತೆ. ಗಾಳಿ ಬೆನ್ನಿನ ಕಡೆಯಿಂದ ಬರಬೇಕು, ಕಣ್ಣು ಮುಂದಿನ ಇಳಿಜಾರು ನೋಡುತ್ತಿರಬೇಕು. ಹಿಂದಿನಿಂದ ಬಂದವರನ್ನು ಮೂಗು ಹಿಡಿಯುತ್ತೆ, ಮುಂದಿನಿಂದ ಬಂದವರನ್ನು ಕಣ್ಣು.

ಗಾಳಿಯದ್ದೇ ಒಂದು ಶಾಸ್ತ್ರ. ಬೆಳಗಿನ ಚಳಿಯಲ್ಲಿ ಗಾಳಿ ಭಾರವಾಗಿ ಬೆಟ್ಟದಿಂದ ಕೆಳಗೆ ಇಳಿಯುತ್ತೆ. ಬಿಸಿಲೇರಿದ ಹಾಗೆ ಅದೇ ಗಾಳಿ ಮೇಲಕ್ಕೆ ಹತ್ತುತ್ತೆ. ಬೆಳಗ್ಗೆ ಸರಿಯಾಗಿದ್ದ ನಿಮ್ಮ ಜಾಗ ಹತ್ತು ಗಂಟೆಗೆ ತಪ್ಪು ಜಾಗವಾಗುತ್ತೆ. ನಿಮ್ಮ ಬೆವರು, ನಿಮ್ಮ ಸೋಪು, ನಿನ್ನೆಯ ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಜಿಂಕೆಗೆ ಮೊದಲೇ ಮುಟ್ಟಿರುತ್ತೆ. ಆಗ ಪೊದೆಯೊಳಗಿಂದ "ಫುಸ್" ಅಂತ ಮೂಗಿನ ಸದ್ದು ಮಾಡಿ, ಬಾಲ ಎತ್ತಿ, ಅದರ ಬಿಳಿ ಅಡಿಭಾಗ ಬಾವುಟದ ಹಾಗೆ ತೋರಿಸುತ್ತಾ ಹೋಗುತ್ತೆ. ಹೆಸರು ಬಂದದ್ದೇ ಅದರಿಂದ.

ಮೂರನೆಯದು ನನಗೆ ತುಂಬ ಹಿಡಿಸಿತು. ಜಿಂಕೆ ಮನುಷ್ಯರ ಅಭ್ಯಾಸ ಕಲಿಯುತ್ತೆ. ಬೆಳಗ್ಗೆ ಎಲ್ಲಿಂದ ಹತ್ತುತ್ತಾರೆ, ಊಟಕ್ಕೆ ಎಷ್ಟು ಹೊತ್ತಿಗೆ ಇಳೀತಾರೆ, ಯಾವ ದಾರಿ ಬಿಟ್ಟು ಹೋಗಲ್ಲ. ಬಹಳ ಜನ ರಸ್ತೆಯಿಂದ ತುಂಬ ದೂರ ಹೋಗಲ್ಲ. ಉಳಿದ ಗಟ್ಟಿಗರು ತುಂಬಾ ದೂರ ಹೋಗ್ತಾರೆ. ಈ ಎರಡರ ಮಧ್ಯೆ ಯಾರೂ ಕಾಲಿಡದ ಸಣ್ಣ ತುಣುಕುಗಳು ಉಳಿದಿರುತ್ತವೆ. ಜಿಂಕೆ ಅಲ್ಲಿ ಮಲಗಿ ನಾವು ಹತ್ತೋದು ಇಳಿಯೋದು ನೋಡುತ್ತಿರುತ್ತೆ.

ಶನಿವಾರ ಹೋಯಿತು. ಭಾನುವಾರವೂ ಹೋಯಿತು. ಸೋಮವಾರ ಆಫೀಸಿನಲ್ಲಿ ಕೂತಾಗ ಕಾಲಿನ ಬೆರಳಿಗೆ ಇನ್ನೂ ಜೀವ ಬಂದಿರಲಿಲ್ಲ.

ಬೆಟ್ಟದ ನೆತ್ತಿಯ ಮೇಲೆ

ಮುಂದಿನ ಶನಿವಾರ ತೆಳ್ಳಗೆ ಹಿಮ ಬಿದ್ದಿತ್ತು. ಜನ ಅರ್ಧಕ್ಕರ್ಧ ಕಮ್ಮಿ. ಗೆಳೆಯ ಒಂದು ಕಣಿವೆಗೆ ಹೋದ, ನಾನು ಒಬ್ಬನೇ ಇನ್ನೊಂದು ಇಳಿಜಾರಿನಲ್ಲಿ ಕೂತೆ. ಎರಡೂವರೆ ಗಂಟೆ ಏನೂ ಇಲ್ಲ. ಅಳಿಲು ಓಡಿದರೂ ಎದೆ ಡವಡವ ಅನ್ನುತ್ತಿತ್ತು.

ಒಂಬತ್ತೂವರೆಗೆ ಎಡಗಡೆ ಒಂದು ಕಡ್ಡಿ ಮುರಿದ ಸದ್ದು. ಲಾರೆಲ್ ಪೊದೆಯಿಂದ ಗಂಡು ಜಿಂಕೆ ಹೊರಗೆ ಬಂತು. ನಮ್ಮ ಚುಕ್ಕೆ ಜಿಂಕೆಯಷ್ಟೇ ಗಾತ್ರ, ಆದರೆ ಚಳಿಗಾಲದ ಬೂದು ಬಣ್ಣದ ದಪ್ಪ ಕೂದಲು, ಗಟ್ಟಿ ಕತ್ತು. ನಿಧಾನವಾಗಿ ಇಳಿಜಾರು ಹತ್ತಿ, ನನ್ನಿಂದ ಎಂಬತ್ತು ಗಜ ದೂರದಲ್ಲಿ, ಸರಿಯಾಗಿ ಬೆಟ್ಟದ ಏಣಿನ ಮೇಲೆ ಅಡ್ಡಲಾಗಿ ನಿಂತಿತು. ಹಿಂದೆ ಬರೀ ಬಿಳಿ ಆಕಾಶ. ದುರ್ಬೀನಿನಲ್ಲಿ ಕೊಂಬು ಎಣಿಸಿದೆ. ಒಂದು ಬದಿಗೆ ನಾಲ್ಕು ಕವಲು.

ಸೇಫ್ಟಿ ತೆಗೆದೆ. ಉಸಿರು ಬಿಗಿಹಿಡಿದೆ. ರೇಂಜಿನಲ್ಲಿ ನೂರು ಸಲ ಹೊಡೆದ ದೂರ ಅದು.

ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವ ಒಂದು ನಿಯಮ ಇದೆ: ಗುರಿ ಏನು ಅಂತ ಗೊತ್ತಿರಬೇಕು, ಗುರಿಯ ಹಿಂದೆ ಏನಿದೆ ಅಂತಲೂ ಗೊತ್ತಿರಬೇಕು. ರೈಫಲಿನ ಗುಂಡು ಜಿಂಕೆಯನ್ನು ತೂರಿಯೋ, ತಪ್ಪಿಯೋ ಮೈಲುಗಟ್ಟಲೆ ಹೋಗಬಲ್ಲದು. ಏಣಿನ ಮೇಲೆ ನಿಂತ ಪ್ರಾಣಿಗೆ ಹೊಡೆಯಬಾರದು, ಯಾಕೆಂದರೆ ಆಚೆ ಕಡೆ ನಿಮಗೆ ಕಾಣಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಸರಿ ಉತ್ತರ ಬರೆದಿದ್ದೆ. ಆದರೆ ಕಂಪ್ಯೂಟರ್ ಪರದೆಯ ಮೇಲೆ ಟಿಕ್ ಹಾಕುವುದು ಬೇರೆ, ಒಂದು ವಾರ ಕಾದ ಮೇಲೆ ನಾಲ್ಕು ಕವಲಿನ ಕೊಂಬು ಎದುರಿಗೆ ನಿಂತಾಗ ಬೇರೆ. 'ಈ ಚಳಿಯಲ್ಲಿ ಆ ಕಡೆ ಯಾರು ಇರ್ತಾರೆ' ಅಂತ ತಲೆ ಹೇಳುತ್ತಿತ್ತು. ನಿಜ ಹೇಳಬೇಕಂದರೆ ಬೆರಳು ಟ್ರಿಗರ್ ಮುಟ್ಟಿತ್ತು.

ಚಿಕ್ಕಜ್ಜ ಅಂಗಳದಲ್ಲಿ ಕಾಲೆಳೆದುಕೊಂಡು ಹೋಗುವ ಸದ್ದು ನೆನಪಾಯಿತು. ಚಪ್ಪಲಿಯ ಒಂದು ತುದಿ ಮಾತ್ರ ಸವೆಯುತ್ತಿತ್ತು ಅವರದ್ದು.

ಬೆರಳು ತೆಗೆದೆ. ಎರಡು ಹೆಜ್ಜೆ ಈಚೆ ಬಾ, ಇಳಿಜಾರಿಗೆ ಬಾ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಬರಲಿಲ್ಲ. ಕಿವಿ ತಿರುಗಿಸಿತು, ಬಾಲ ಎತ್ತಿತು, ಆಚೆಗೆ ಹಾರಿತು.

ಅರ್ಧ ಸ್ಯಾಂಡ್‌ವಿಚ್

ಕೈ ನಡುಗುತ್ತಿತ್ತು. ಹತ್ತು ನಿಮಿಷ ಕೂತು, ರೈಫಲ್ ಖಾಲಿ ಮಾಡಿ, ಏಣು ಹತ್ತಿ ಆಚೆ ನೋಡಿದೆ. ಹಿಮದ ಮೇಲೆ ಗೊರಸಿನ ಗುರುತು. ಅದರಿಂದ ನಲವತ್ತು ಹೆಜ್ಜೆ ಕೆಳಗೆ, ದೊಡ್ಡ ಓಕ್ ಮರಕ್ಕೆ ಒರಗಿ ಕಿತ್ತಳೆ ಟೋಪಿಯ ಒಬ್ಬ ಮುದುಕರು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ತೊಡೆಯ ಮೇಲೆ ಸ್ಯಾಂಡ್‌ವಿಚ್.

ನನ್ನ ಕಾಲು ನಿಂತಲ್ಲೇ ನಿಂತಿತು.

"ನನ್ನ ಪಕ್ಕದಲ್ಲೇ ಹೋಯಿತು, ಓಡುತ್ತಿತ್ತು, ಹೊಡೆಯೋಕಾಗಲಿಲ್ಲ" ಅಂದರು. "ನಿನ್ನ ಕಡೆಯಿಂದಲೇ ಬಂತಲ್ಲ. ಯಾಕೆ ಹೊಡೆಯಲಿಲ್ಲ?"

"ಏಣಿನ ಮೇಲೆ ನಿಂತಿತ್ತು."

ಅವರು ನನ್ನ ಮುಖ ನೋಡಿದರು. ಆಮೇಲೆ ಮೇಲಿನ ಏಣನ್ನು ನೋಡಿದರು. ತಲೆಯಾಡಿಸಿದರು. ಥ್ಯಾಂಕ್ಸ್ ಅನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಪಕ್ಕದ ಎಲೆ ಸರಿಸಿ ಜಾಗ ಮಾಡಿ, ಸ್ಯಾಂಡ್‌ವಿಚ್ ಅರ್ಧ ಮುರಿದು ಕೊಟ್ಟರು.

ಐವತ್ತು ವರ್ಷದಿಂದ ಇದೇ ಕಾಡಿಗೆ ಬರ್ತಿದ್ದಾರಂತೆ. ಮೊದಲು ತಮ್ಮಂದಿರ ಜೊತೆ, ಆಮೇಲೆ ಮಕ್ಕಳ ಜೊತೆ, ಈಗ ಒಬ್ಬರೇ. ಮಕ್ಕಳು ಬೇರೆ ಬೇರೆ ರಾಜ್ಯದಲ್ಲಿದ್ದಾರೆ. "ನೀನು ಎಲ್ಲಿಯವನು?" ಅಂದರು. ಹೇಳಿದೆ. "ಅಲ್ಲಿ ಜಿಂಕೆ ಇದೆಯಾ?" ಇದೆ, ಆದರೆ ಹೊಡೆಯುವಂತಿಲ್ಲ ಅಂದೆ. "ಒಳ್ಳೇದು. ಇಲ್ಲೂ ಒಂದು ಕಾಲದಲ್ಲಿ ಇರಲಿಲ್ಲ ಅಂತ ನಮ್ಮ ತಾತ ಹೇಳ್ತಿದ್ದರು" ಅಂದರು.

ಏಳುವಾಗ ಒಂದು ಗುಟ್ಟು ಹೇಳಿದರು. "ಜಿಂಕೆ ಹುಡುಕಬೇಡ. ಜನ ಎಲ್ಲಿ ಹೋಗಲ್ಲ ಅಂತ ಹುಡುಕು. ನಿನ್ನ ಕಾರು ಎಲ್ಲಿ ನಿಲ್ಲಿಸಿದೆ?" ಪಾರ್ಕಿಂಗ್ ಜಾಗ ಹೇಳಿದೆ. ನಕ್ಕರು. "ಅಲ್ಲಿಂದ ಮುನ್ನೂರು ಗಜ ಕೆಳಗೆ, ತೊರೆಯ ಪಕ್ಕ, ಮುಳ್ಳು ಬೆಳೆದ ಒಂದು ತಗ್ಗಿದೆ. ಎಲ್ಲರೂ ಅದನ್ನು ದಾಟಿಕೊಂಡೇ ಬೆಟ್ಟ ಹತ್ತುತ್ತಾರೆ."

ಕೊನೆಯ ಶನಿವಾರ

ಸೀಸನ್ನಿನ ಕೊನೆಯ ದಿನ ಗೆಳೆಯನೂ ನಾನೂ ಬೆಟ್ಟ ಹತ್ತಲಿಲ್ಲ. ಪಾರ್ಕಿಂಗಿನ ಕೆಳಗಿನ ಆ ತಗ್ಗಿಗೆ ಇಳಿದೆವು. ಹತ್ತಿರದಲ್ಲಿ ಮನೆಗಳಿಲ್ಲ ಅಂತ ನಕ್ಷೆಯಲ್ಲಿ ಎರಡು ಸಲ ನೋಡಿಕೊಂಡೆವು. ಜನ ವಾಸಿಸುವ ಮನೆಯಿಂದ 150 ಗಜದೊಳಗೆ ಅನುಮತಿಯಿಲ್ಲದೆ ಬೇಟೆಯಾಡುವಂತಿಲ್ಲ. ನಾನು ತೊರೆಯ ಈಚೆ ದಡದಲ್ಲಿ ಕೂತೆ. ಆಚೆ ದಡದಲ್ಲಿ ಎರಡಾಳೆತ್ತರದ ಮಣ್ಣಿನ ದಿಬ್ಬ. ಕಾರಿನ ಬಾಗಿಲು ಹಾಕುವ ಸದ್ದು, ಜನ ನಗುವ ಸದ್ದು ಮೇಲಿನಿಂದ ಕೇಳುತ್ತಿತ್ತು.

ಎಂಟೂಕಾಲಿಗೆ ಮುಳ್ಳಿನ ಪೊದೆಯಲ್ಲಿ ಒಂದು ಕಿವಿ ಅಲ್ಲಾಡಿತು. ಅಲ್ಲೇ ಮಲಗಿತ್ತು, ಅಷ್ಟು ಹೊತ್ತು. ಹೆಣ್ಣು ಜಿಂಕೆ. ಎದ್ದು ಮೈಮುರಿದು ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಅರವತ್ತು ಗಜ. ಹಿಂದೆ ಮಣ್ಣು. ಮರಿಯಿದೆಯಾ ಅಂತ ನೋಡಿದೆ, ಇರಲಿಲ್ಲ. ಹೊಡೆದೆ.

ನಲವತ್ತು ಹೆಜ್ಜೆ ಓಡಿ ಬಿತ್ತು. ಅರ್ಧ ಗಂಟೆ ಕಾಯಬೇಕು ಅಂತ ಗೆಳೆಯ ಮೊದಲೇ ಹೇಳಿದ್ದ, ಕಾದೆವು. ಹತ್ತಿರ ಹೋದಾಗ ಕಣ್ಣು ತೆರೆದೇ ಇತ್ತು. ಮುಖ ನಮ್ಮ ಪಾರ್ಕಿಂಗಿನ ಜಿಂಕೆಯದ್ದೇ ಥರ. ಖುಷಿಯಾಯಿತು ಅಂದರೆ ಸುಳ್ಳಾಗುತ್ತೆ, ಪಶ್ಚಾತ್ತಾಪವಾಯಿತು ಅಂದರೆ ಅದೂ ಸುಳ್ಳು. ಗಂಟಲು ಕಟ್ಟಿತು. ಕೈಗವಸು ತೆಗೆದು ಅದರ ಕತ್ತಿನ ಮೇಲೆ ಕೈಯಿಟ್ಟೆ, ಇನ್ನೂ ಬೆಚ್ಚಗಿತ್ತು.

ಆಮೇಲೆಲ್ಲ ಕೆಲಸ. ಜಿಂಕೆಯನ್ನು ಜಾಗದಿಂದ ಅಲುಗಾಡಿಸುವ ಮುಂಚೆಯೇ ಟ್ಯಾಗ್ ಮೇಲೆ ಪೆನ್ನಿನಲ್ಲಿ ವಿವರ ಬರೆದು ಕಿವಿಗೆ ಕಟ್ಟಬೇಕು. ಹೊಟ್ಟೆ ಸೀಳಿ ಕರುಳು ತೆಗೆಯೋದನ್ನು ಗೆಳೆಯ ಹೇಳಿಕೊಟ್ಟ, ಕೈ ನನ್ನದೇ ಆಗಬೇಕು ಅಂತ ಹಟ ಹಿಡಿದ. ಹಗ್ಗ ಕಟ್ಟಿ ಮುನ್ನೂರು ಗಜ ಎಳೆಯುವಷ್ಟರಲ್ಲಿ ಸೊಂಟ ಹೋಯಿತು. ಬೆಟ್ಟದ ಮೇಲೆ ಹೊಡೆದಿದ್ದರೆ ಗತಿ ಏನಿತ್ತೋ. ಪಾರ್ಕಿಂಗಿನಲ್ಲಿ ಪರಿಚಯವೇ ಇಲ್ಲದ ಇಬ್ಬರು ಬಂದು ಕೈಹಾಕಿ ಟ್ರಕ್ಕಿಗೆ ಏರಿಸಿದರು. "ಎಲ್ಲಿ ಹೊಡೆದೆ?" ಅಂದರು. ಕೈ ಬೆಟ್ಟದ ಕಡೆ ಹೋಗೋದರಲ್ಲಿತ್ತು. ತಡೆದು, "ಇಲ್ಲೇ ಕೆಳಗೆ" ಅಂದೆ. ಅವರು ನಂಬಲಿಲ್ಲ.

ಕಾಡಿನ ಹತ್ತಿರದ ಕಸಾಯಿ ಅಂಗಡಿಯಲ್ಲಿ ಮೂಳೆ ಬಿಡಿಸಿಕೊಟ್ಟರು. ಜಿಂಕೆಗಳಿಗೆ ಬರುವ ಸಿಡಬ್ಲ್ಯೂಡಿ ಎಂಬ ಮಿದುಳಿನ ಕಾಯಿಲೆ ಈ ರಾಜ್ಯದಲ್ಲಿ 2012ರಿಂದ ಇದೆ. ಅದಕ್ಕೇ ತಲೆಯನ್ನು ಪರೀಕ್ಷೆಯ ಪೆಟ್ಟಿಗೆಗೆ ಹಾಕಿ, ಫಲಿತಾಂಶ ಬರುವ ತನಕ ಮಾಂಸವನ್ನು ಫ್ರೀಜರ್‌ನಲ್ಲೇ ಇಟ್ಟೆವು. ಬೇಡದಷ್ಟಿದ್ದರೆ ಹಸಿದವರಿಗೆ ಹಂಚುವ ವ್ಯವಸ್ಥೆಯೂ ಇಲ್ಲಿದೆ, 'ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್' ಅಂತ, 1991ರಿಂದ ನಡೀತಿದೆ.

ಕಡುಬು, ಸಾರು

ಫಲಿತಾಂಶ ಸರಿಯಾಗಿ ಬಂದ ಮೇಲೆ ಒಂದು ಭಾನುವಾರ ಹೆಂಡತಿ ಕಡುಬು ಮಾಡಿದಳು. ಸಾರು ನನ್ನದು. ಈ ಮಾಂಸದಲ್ಲಿ ಕೊಬ್ಬೇ ಇಲ್ಲ, ಅವಸರ ಮಾಡಿದರೆ ಚಪ್ಪಲಿಯಂತಾಗುತ್ತೆ. ಕಾಳುಮೆಣಸು, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಹುರಿದ ತೆಂಗಿನಕಾಯಿ ಹಾಕಿ ಕುಕ್ಕರ್‌ನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಗೆಳೆಯ ಸಂಸಾರ ಸಮೇತ ಬಂದ. ಮೂರು ಸಲ ಹಾಕಿಸಿಕೊಂಡು, ಇಷ್ಟು ವರ್ಷ ತಾನು ಜಿಂಕೆಗೆ ಅನ್ಯಾಯ ಮಾಡಿದೆ ಅಂದ.

ಮಗಳು ತಟ್ಟೆ ನೋಡುತ್ತಾ ಕೇಳಿದಳು, "ಅಪ್ಪಾ, ಇದು ನಮ್ಮ ಪಾರ್ಕಿಂಗ್ ಜಿಂಕೆನಾ?"

ಅಲ್ಲ ಅಂದೆ. ಬೇರೆ ಊರಿನದ್ದು ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿ, ಕಡುಬು ಮಾತ್ರ ತಿಂದಳು. ಬಲವಂತ ಮಾಡಲಿಲ್ಲ.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಬೆಟ್ಟದ ನೆತ್ತಿಯ ವಿಷಯ, ಮುದುಕರ ವಿಷಯ ಎಲ್ಲ ಹೇಳಿದೆ. ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಆಮೇಲೆ ಹೊಡೆದೆಯಲ್ಲ, ಅದರ ಹಿಂದೆ ಏನಿತ್ತು?"

"ಮಣ್ಣಿನ ದಿಬ್ಬ, ಅಪ್ಪಯ್ಯ."

"ಸರಿ" ಅಂದರು. ಆಮೇಲೆ, "ಮೆಣಸು ಎಷ್ಟು ಹಾಕಿದೆ ಸಾರಿಗೆ?" ಅಂತ ಕೇಳಿದರು.

ನೀವು ಆ ಕಡೆ ಹೋಗುವುದಾದರೆ

• ಬೇಟೆ ಬೇಡ, ಬರೀ ಚಾರಣ ಸಾಕು ಅನ್ನುವವರಿಗೂ ಲಾರೆಲ್ ಹೈಲ್ಯಾಂಡ್ಸ್ ಒಳ್ಳೆಯ ಜಾಗ. ಎಲೆ ಬಣ್ಣ ತಿರುಗುವ ಅಕ್ಟೋಬರ್, ಲಾರೆಲ್ ಹೂ ಬಿಡುವ ಜೂನ್ ಚೆಂದ.

• ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದ ತನಕ ಗೇಮ್ ಲ್ಯಾಂಡ್ಸ್‌ನಲ್ಲಿ ಸುಮ್ಮನೆ ನಡೆಯಲು ಹೋದರೂ ಕಿತ್ತಳೆ ಜಾಕೆಟ್, ಟೋಪಿ ಹಾಕಿ. ಜೊತೆಗೆ ನಾಯಿಯಿದ್ದರೆ ಅದಕ್ಕೂ ಹಾಕಿ.

• ಮೊದಲ ಸಲ ಲೈಸೆನ್ಸ್ ತಗೊಳ್ಳುವವರಿಗೆ ತರಬೇತಿ ಕಡ್ಡಾಯ. ವೀಸಾದಲ್ಲಿರುವವರಿಗೆ ಬಂದೂಕಿನ ಕಾನೂನು ಬೇರೆ, ಪೂರ್ತಿ ತಿಳಿದುಕೊಳ್ಳದೆ ಬೇರೆಯವರ ಬಂದೂಕನ್ನೂ ಮುಟ್ಟಬೇಡಿ.

• ಮರದ ಬುಡದಲ್ಲಿ ಯಾರಾದರೂ ಕೂತಿದ್ದರೆ ಕೈಯೆತ್ತಿ, ಬಂದ ದಾರಿಯಲ್ಲೇ ಸುಮ್ಮನೆ ಹಿಂತಿರುಗಿ. ಆ ಜಾಗ ಅವತ್ತಿಗೆ ಅವರದು.